ಎಕ್ಕದ ಗಿಡದಲ್ಲಿ ಒಂದೆಲೆನೂ ಉಳಿದಿಲ್ಲ, ಏನ್ಮಾಡ್ಲಿ? (ಸ್ಥಳೀಯ ಗಿಡಗಳ ಕೈತೋಟ)

ಮಣ್ಣಂಗಳ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ, ತೋಟದ ಫೋಟೋನೂ ಹಾಕಿದೀನಿ. ಮನೆ ಹಿಂದೆ 20 ಅಡಿ ಅಗಲ 30 ಅಡಿ ಉದ್ದದ ಜಾಗ ಇದೆ. ಮೊದ್ಲು ಪೂರ್ತಿ ಲಾನ್ ಇತ್ತು, ಅಂಚಿಗೆ ಕ್ರೋಟನ್, ಡ್ಯುರಾಂಟಾ, ಒಂದು ಮೂಲೇಲಿ ಕಾಗದದ ಹೂ. ನೀರು ಹಾಕಿ ಹಾಕಿ, ಹುಲ್ಲು ಕತ್ತರಿಸಿ ಕತ್ತರಿಸಿ ಸಾಕಾಗಿ, ಅದೂ ಅಲ್ದೆ ಇಷ್ಟು ಹಸಿರಿದ್ರೂ ಒಂದು ಹಕ್ಕಿ ಬಂದು ಕೂರಲ್ವಲ್ಲ ಅನ್ನೋ ಬೇಜಾರಿಗೆ, ಎರಡು ಮಳೆಗಾಲದ ಹಿಂದೆ ಲಾನ್ ಎತ್ತಿಸಿ ಈ ಮಣ್ಣಲ್ಲಿ ತಾನಾಗಿ ಹುಟ್ಟಿ ಬೆಳೆಯೋ ಗಿಡಗಳನ್ನೇ ಹಾಕ್ದೆ. ಎಕ್ಕ, ತುಂಬೆ, ಮುಳ್ಳುಗೋರಂಟಿ, ಒಂದು ಕಕ್ಕೆ ಸಸಿ, ಬೇಲಿಗೆ ಈಶ್ವರಿ ಬಳ್ಳಿ ಮೂರು. ಮಿಕ್ಕಿದ್ದೆಲ್ಲ ತಾನಾಗೇ ಬಂದಿದ್ದು, ಹುಲ್ಲು, ಗೋಳಿ ಸೊಪ್ಪು, ಪುಲ್ಲಂಪುರಚಿ, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ.

ಈಗ ಪರಿಸ್ಥಿತಿ ಹೇಳ್ತೀನಿ. ಎಕ್ಕದಲ್ಲಿ ಪಟ್ಟೆ ಪಟ್ಟೆ ಹುಳ ತುಂಬ್ಕೊಂಡು ಬರೀ ಕಾಂಡ ಉಳಿದಿದೆ. ಚಿಗುರಿರೋ ಕಡೆ ಹಳದಿ ಹೇನು ಅಂಟ್ಕೊಂಡಿದೆ, ನೋಡಿದ್ರೆ ಮೈ ಜುಮ್ ಅನ್ನುತ್ತೆ. ಗೋರಂಟಿ ಎಲೆಲೆಲ್ಲ ತೂತು. ಮಳೆ ಬಿದ್ದು ತುಂಬೆ ಮೊಣಕಾಲುದ್ದ ಬಂದು ಒಂದರ ಮೇಲೊಂದು ಬಿದ್ದಿದೆ. ಅತ್ತೆ "ಇದು ತೋಟನೋ ಪಾಳು ಸೈಟೋ" ಅಂತಾರೆ, ಪಕ್ಕದ ಮನೆಯವ್ರು ಹಾವು ಬರುತ್ತೆ ಅಂತ ಎರಡು ಸಲ ಬಂದು ಹೇಳಿ ಹೋದ್ರು. ನನಗೂ ಅನುಮಾನ ಶುರುವಾಗಿದೆ. ಬೇವಿನೆಣ್ಣೆ ಹೊಡೀಲಾ? ಎಲ್ಲ ಕಿತ್ತು ಮತ್ತೆ ಶುರು ಮಾಡ್ಲಾ? ಎಲ್ಲಿ ತಪ್ಪಿದೆ ಅಂತ ಬಿಡಿಸಿ ಹೇಳಿ.

ಸೂರಕ್ಕಿ

ಅಕ್ಕ, ಸ್ಪ್ರೇ ಬಾಟಲಿ ಮೊದ್ಲು ಒಳಗಿಡಿ. ಬೇವಿನೆಣ್ಣೆ ಅಂದ್ರೆ ಏನೂ ತೊಂದ್ರೆ ಇಲ್ಲ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಆದ್ರೆ ಅದರಲ್ಲಿರೋ ಅಜಾಡಿರಾಕ್ಟಿನ್ ಅನ್ನೋ ಅಂಶ ಹುಳ ಪೊರೆ ಬಿಡೋದನ್ನೇ ಕೆಡಿಸುತ್ತೆ, ಆ ಹುಳ ಮುಂದೆ ಚಿಟ್ಟೆ ಆಗುತ್ತೋ ಏನಾಗುತ್ತೋ ಅಂತ ಅದಕ್ಕೆ ಗೊತ್ತಾಗಲ್ಲ.

ನಿಮ್ಮ ಹುಳದ ಬೆನ್ನ ಮೇಲೆ ಮೂರು ಜೊತೆ ಕಪ್ಪು ಮೀಸೆ ಥರ ಇದ್ಯಾ ನೋಡಿ. ಬಿಳಿ ಕಪ್ಪು ಹಳದಿ ಪಟ್ಟೆ, ಮೂರು ಜೊತೆ ಮೀಸೆ ಅಂದ್ರೆ ಅದು ಪ್ಲೇನ್ ಟೈಗರ್ ಚಿಟ್ಟೆ ಮರಿ. ಎಕ್ಕದ ಹಾಲಲ್ಲಿ ಹೃದಯದ ಬಡಿತ ಕೆಡಿಸೋ ವಿಷ ಇರುತ್ತೆ, ದನ ಆಡು ಸಾಮಾನ್ಯವಾಗಿ ಬಾಯಿ ಹಾಕಲ್ಲ. ಈ ಹುಳ ಮಾತ್ರ ಆ ವಿಷ ತಿಂದು ಅರಗಿಸ್ಕೊಂಡು ತನ್ನ ಮೈಯಲ್ಲೇ ಇಟ್ಕೊಳ್ಳುತ್ತೆ, ಹಾಗಾಗಿ ಒಂದು ಸಲ ತಿಂದ ಹಕ್ಕಿ ಎರಡನೇ ಸಲ ಮುಟ್ಟಲ್ಲ. ಗಿಡ ಸಾಯಲ್ಲ ಅಕ್ಕ, ಎಕ್ಕಕ್ಕೆ ಬೇರಲ್ಲಿ ಬಲ ಇದೆ, ಎಲೆ ಹೋದ್ರೆ ಕೆಲವೇ ವಾರದಲ್ಲಿ ಮತ್ತೆ ಚಿಗುರುತ್ತೆ.

ನೀವು ಹಕ್ಕಿ ಬರಲ್ಲ ಅಂತ ಬೇಜಾರಾಗಿ ಶುರು ಮಾಡಿದ್ದು ಅಂದ್ರಲ್ಲ, ಅದಕ್ಕೆ ಉತ್ತರನೂ ಇಲ್ಲೇ ಇದೆ. ಸೂರಕ್ಕಿ ಹೂವಿನ ಮಕರಂದ ಕುಡಿಯೋದು ಎಲ್ರೂ ನೋಡಿರ್ತಾರೆ, ಆದ್ರೆ ಗೂಡಲ್ಲಿರೋ ಮರಿಗೆ ಅದು ಕೊಡೋದು ಹುಳ, ಜೇಡ. ಅಮೆರಿಕದಲ್ಲಿ ಚಿಕಡೀ ಅಂತ ಮುಷ್ಟಿಯಷ್ಟೂ ಇಲ್ಲದ ಹಕ್ಕಿ ಇದೆ, ಒಂದು ಗೂಡಿನ ಮರಿಗಳು ಹಾರೋಷ್ಟರಲ್ಲಿ ಅಪ್ಪ ಅಮ್ಮ ಸೇರಿ 6000ದಿಂದ 9000 ಹುಳ ತಂದು ತಿನ್ನಿಸ್ತಾವೆ. ಅಷ್ಟು ಹುಳ ಕ್ರೋಟನ್ ಎಲೆ ಮೇಲೆ ಸಿಗಲ್ಲ. ಎಲೆಯಲ್ಲಿ ತೂತಿಲ್ಲದ ತೋಟ ಅಂದ್ರೆ ಯಾರಿಗೂ ಊಟ ಇಲ್ಲದ ತೋಟ ಅಂತ ನಾನು ಲೆಕ್ಕ ಹಾಕ್ತೀನಿ.

ಹಳೇಕುಡುಗೋಲು

ನಾನು 30 ವರ್ಷದಿಂದ ತೋಟ ಮಾಡ್ತಿರೋನು, ನನ್ನ ಮಾತು ಸ್ವಲ್ಪ ಬೇರೆ ಇದೆ. ನಮ್ಮಲ್ಲಿ ಚೆಂಡು ಹೂವಿನ ಸಾಲು ಇದೆ, ಕಾಗದದ ಹೂ ಇದೆ, ಬೆಳಗ್ಗೆ 10 ಗಂಟೆ ಬಿಸಿಲಿಗೆ ಬಂದು ನಿಂತ್ರೆ ಚಿಟ್ಟೆ ಎಣಿಸೋಕಾಗಲ್ಲ. ಇವೆರಡೂ ಹೊರಗಿಂದ ಬಂದಿದ್ದೇ. ಹಾಗಿದ್ಮೇಲೆ ಇದು ನಮ್ಮದು ಅದು ಪರದೇಶದ್ದು ಅಂತ ಗಿಡಕ್ಕೆ ಜಾತಿ ಹಚ್ಚೋದು ಯಾಕೆ? ಗಿಡ ಗಿಡನೇ. ತಂಗಿ ಹಾಕಿರೋ ಫೋಟೋ ನೋಡಿದೆ, ಬೇಜಾರಾಗ್ಬೇಡಮ್ಮ, ಅದು ಬಿಟ್ಟ ಜಾಗದ ಥರನೇ ಕಾಣ್ತಿದೆ. ನೋಡಿಕೊಳ್ಳದೆ ಇದ್ರೆ ನಿಸರ್ಗ ಅಂತಾರೆ, ನೋಡಿಕೊಂಡ್ರೆ ತೋಟ ಅಂತಾರೆ, ಎರಡೂ ಒಂದೇ ಅಲ್ಲ.

ಬಳ್ಳಿಮನೆ

ಸರ್, ನಿಮ್ಮ ಚೆಂಡು ಹೂವಿನ ಮೇಲೆ ಚಿಟ್ಟೆ ಬರೋದು ನಿಜ, ನಮ್ಮಲ್ಲೂ ಬರುತ್ತೆ. ಆದ್ರೆ ಆ ಚಿಟ್ಟೆ ಹುಟ್ಟಿದ್ದು ಎಲ್ಲಿ ಅಂತ ಯೋಚಿಸಿ ನೋಡಿ. ಮಕರಂದ ಯಾವ ಹೂವಲ್ಲಾದ್ರೂ ಕುಡೀಬಹುದು, ಮೊಟ್ಟೆ ಮಾತ್ರ ಯಾವ ಗಿಡದ ಮೇಲಾದ್ರೂ ಇಡೋಕಾಗಲ್ಲ. ಎಲೆ ತಿನ್ನೋ ಹುಳಗಳಲ್ಲಿ ಬಹುಪಾಲು ಒಂದೋ ಎರಡೋ ಗಿಡದ ಕುಟುಂಬಕ್ಕೆ ಅಂಟ್ಕೊಂಡಿರ್ತಾವೆ, ಯಾಕಂದ್ರೆ ಒಂದೊಂದು ಗಿಡದ್ದೂ ಒಂದೊಂದು ವಿಷ, ಅದನ್ನ ಅರಗಿಸ್ಕೊಳ್ಳೋದು ಕಲಿಯೋಕೆ ಸಾವಿರಾರು ತಲೆಮಾರು ಬೇಕಾಗಿರುತ್ತೆ. ಈಗ ಅಕ್ಕನ ತೋಟದ್ದೇ ತಗೊಳ್ಳಿ: ಎಕ್ಕಕ್ಕೆ ಪ್ಲೇನ್ ಟೈಗರ್, ಕಕ್ಕೆಗೆ ಕಾಮನ್ ಎಮಿಗ್ರೆಂಟ್, ಈಶ್ವರಿ ಬಳ್ಳಿಗೆ ಕ್ರಿಮ್ಸನ್ ರೋಸ್ ಮತ್ತೆ ಕಾಮನ್ ರೋಸ್, ಗೋರಂಟಿಗೆ ಲೆಮನ್ ಪ್ಯಾನ್ಸಿ. ಎಲ್ಲರ ಕಾಲಡಿಗೆ ಸಿಗೋ ಪುಲ್ಲಂಪುರಚಿ ಮೇಲೆ ಉಗುರಿನಷ್ಟಿರೋ ಗ್ರಾಸ್ ಬ್ಲೂ.

ಗಿಡ ಬದಲಾದ್ರೆ ಏನಾಗುತ್ತೆ ಅನ್ನೋದಕ್ಕೆ ಆಸ್ಟ್ರೇಲಿಯಾದ ರಿಚ್‌ಮಂಡ್ ಬರ್ಡ್‌ವಿಂಗ್ ಅನ್ನೋ ಚಿಟ್ಟೆ ಕಥೆ ನನಗೆ ಮರೆಯೋಕಾಗಲ್ಲ. ಈಶ್ವರಿ ಬಳ್ಳಿ ಜಾತಿಗೇ ಸೇರಿದ, ದಕ್ಷಿಣ ಅಮೆರಿಕದ ದೊಡ್ಡ ಚುಕ್ಕೆ ಹೂ ಬಿಡೋ ಅಲಂಕಾರದ ಬಳ್ಳಿ ಒಂದನ್ನ ಅಲ್ಲಿ ಮನೆ ತೋಟಗಳಿಗೆ ತಂದ್ರು. ತಾಯಿ ಚಿಟ್ಟೆಗೆ ವಾಸನೆ ಒಂದೇ ಥರ ಇರ್ಬೇಕು, ಬಂದು ಅದರ ಮೇಲೇ ಮೊಟ್ಟೆ ಇಡುತ್ತೆ, ಮರಿಗಳು ಆ ಎಲೆ ತಿಂದು ಸಾಯ್ತಾವೆ. ನೋಡೋರಿಗೆ ಬಳ್ಳಿ ಹಚ್ಚಗಿದೆ, ಹೂ ಚೆನ್ನಾಗಿದೆ, ಚಿಟ್ಟೆನೂ ಬರ್ತಿದೆ. ಒಳಗೆ ನಡೀತಿರೋದು ಸಾವು. ಅಲ್ಲಿನವರು ಆ ಬಳ್ಳಿ ಕಿತ್ತು ತಮ್ಮ ಕಾಡಿನ ಬಳ್ಳಿ ನೆಡೋಕೆ ಎಷ್ಟೋ ವರ್ಷದಿಂದ ದುಡೀತಿದಾರೆ.

ಅಕ್ಕ, ನಿಮ್ಮದು ನಿಜವಾದ ಈಶ್ವರಿ ಬಳ್ಳಿನೇನಾ ಅಂತ ಹೂ ಬಂದಾಗ ನೋಡ್ಕೊಳ್ಳಿ. ಇದರ ಹೂ ಚಿಕ್ಕದು, ತಿಳಿ ಹಸಿರು, ಬಾಯಿ ಹತ್ರ ಕಡು ನೇರಳೆ. ಕಾಯಿ ಒಣಗಿದ್ಮೇಲೆ ಬುಡದಿಂದ ಬಿರಿದು ತಲೆಕೆಳಗಾದ ಪುಟ್ಟ ಪ್ಯಾರಾಚೂಟ್ ಥರ ತೂಗಾಡುತ್ತೆ. ಅಂಗೈಯಷ್ಟು ಅಗಲದ ಕಂದು ಚುಕ್ಕೆ ಹೂ ಬಂತು ಅಂದ್ರೆ ಅದು ಬೇರೆ.

ಹಳೇಕುಡುಗೋಲು

ಮರಿ ಸಾಯೋ ವಿಷಯ ನನಗೆ ಗೊತ್ತಿರ್ಲಿಲ್ಲ ಕಣಮ್ಮ, ಹೇಳಿದ್ದು ಒಳ್ಳೇದಾಯ್ತು. ಆದ್ರೂ ಒಂದು ಕೇಳ್ತೀನಿ, ಹಾಗಾದ್ರೆ ನನ್ನ ಕಾಗದದ ಹೂ, ಚೆಂಡು ಹೂ ಎಲ್ಲ ಕಿತ್ತು ಹಾಕ್ಬೇಕಾ? 22 ವರ್ಷದ ಬಳ್ಳಿ ಅದು, ಬುಡ ನನ್ನ ತೊಡೆ ದಪ್ಪ ಇದೆ.

ಸೂರಕ್ಕಿ

ಬೇಡ ಸರ್, ಖಂಡಿತ ಬೇಡ. 2018ರಲ್ಲಿ ಒಂದು ಅಧ್ಯಯನ ಬಂತು, ಡೆಸಿರೀ ನರಾಂಗೊ, ಡಗ್ಲಸ್ ಟಾಲಮಿ, ಪೀಟರ್ ಮಾರ ಅನ್ನೋರು ವಾಷಿಂಗ್ಟನ್ ಸುತ್ತಮುತ್ತಲಿನ ಮನೆ ತೋಟಗಳಲ್ಲಿ ಅದೇ ಚಿಕಡೀ ಹಕ್ಕಿ ಹಿಂದೆ ಬಿದ್ದು ಮಾಡಿದ್ದು. ತೋಟದ ಗಿಡಗಳ ಒಟ್ಟು ತೂಕದಲ್ಲಿ 70 ಪರ್ಸೆಂಟಿಗಿಂತ ಹೆಚ್ಚು ಅಲ್ಲಿನ ಮೂಲದ ಗಿಡ ಇದ್ದ ಕಡೆ ಮಾತ್ರ ಹಕ್ಕಿ ಸಂಸಾರ ಉಳ್ಕೊಳ್ಳೋಷ್ಟು ಮರಿ ಆಗ್ತಿತ್ತು, ಅದಕ್ಕಿಂತ ಕಮ್ಮಿ ಆದ್ರೆ ಸಂಖ್ಯೆ ಇಳೀತಿತ್ತು. ಅದು ಒಂದು ಊರಿನ ಒಂದು ಹಕ್ಕಿ ಲೆಕ್ಕ, ಅದನ್ನೇ ಎಲ್ಲ ಕಡೆ ಕಾನೂನು ಮಾಡೋಕಾಗಲ್ಲ. ಆದ್ರೂ ನನಗೆ ಸಮಾಧಾನ ಕೊಟ್ಟಿದ್ದು ಉಳಿದ 30. ಅದರಲ್ಲಿ ನಿಮ್ಮ ಕಾಗದದ ಹೂ ಇರ್ಲಿ, ಚೆಂಡು ಹೂನೂ ಇರ್ಲಿ. ಕಿತ್ತೇ ಹಾಕ್ಬೇಕಾಗಿರೋದು ತಾನಾಗಿ ಹಬ್ಬಿ ಪಕ್ಕದ ಬಯಲು ಕಾಡು ನುಂಗೋವು. ಲಂಟಾನ, ಪಾರ್ಥೇನಿಯಂ.

ಬೀಜದಬುಟ್ಟಿ

ಲಂಟಾನ ಅಂದ್ರಲ್ಲ, ಫೋಟೋದಲ್ಲಿ ಬೇಲಿ ಹತ್ರ ಕೆಂಪು ಹಳದಿ ಗೊಂಚಲು ಹೂ ಕಾಣ್ತಿರೋದು ಅದೇ ಅಕ್ಕ. ಹಕ್ಕಿ ಹಣ್ಣು ತಿಂದು ಬಂದು ಹಾಕಿರುತ್ತೆ. ಮೇಲಿಂದ ಕಡಿದ್ರೆ ಪ್ರಯೋಜನ ಇಲ್ಲ, ಇನ್ನೂ ದಟ್ಟ ಬರುತ್ತೆ, ನಾನು ಎರಡು ವರ್ಷ ಹಾಗೇ ಕಡಿದು ಕಡಿದು ಸೋತಿದೀನಿ. ಬುಡದಲ್ಲಿ ಮಣ್ಣು ಕೆದಕಿ ಕಾಂಡ ಬೇರಾಗೋ ಜಾಗ, ಆ ಗಂಟು, ಅದರ ಕೆಳಗೆ ಕತ್ತರಿಸಿ ಮೇಲಿನದ್ದೆಲ್ಲ ಎತ್ತಿ ಬೇರು ಮೇಲೆ ಮಾಡಿ ಒಣಗಿಸಿ, ಮಣ್ಣಿಗೆ ತಾಗಿದ್ರೆ ಮತ್ತೆ ಬೇರು ಬಿಡುತ್ತೆ. ಖಾಲಿ ಆದ ಜಾಗದಲ್ಲಿ ತಕ್ಷಣ ಬೇರೆ ಏನಾದ್ರೂ ನೆಡಿ, ಖಾಲಿ ಬಿಟ್ರೆ ಅದೇ ಬೀಜ ಮತ್ತೆ ಮೊಳೆಯುತ್ತೆ. ಪಾರ್ಥೇನಿಯಂ ಇದ್ರೆ ಹೂ ಬಿಡೋಕೆ ಮುಂಚೆನೇ ಕೀಳ್ಬೇಕು, ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಕೆಲವರಿಗೆ ಚರ್ಮಕ್ಕೆ ಅಲರ್ಜಿ ಜೋರಾಗಿ ಆಗುತ್ತೆ.

ಅಂದಹಾಗೆ ಎಕ್ಕದ ಹಾಲು ಕಣ್ಣಿಗೆ ಬೀಳ್ದಂಗೆ ನೋಡ್ಕೊಳ್ಳಿ, ಮಕ್ಕಳಿರೋ ಮನೆ ಆದ್ರೆ ಗಿಡ ಓಡಾಡೋ ದಾರಿಯಿಂದ ದೂರ ಇರ್ಲಿ.

ಕುಂಡದತೋಟ

ಓದ್ತಾ ಓದ್ತಾ ಆಸೆ ಆಗ್ತಿದೆ, ಆದ್ರೆ ನಮಗೆ ಇರೋದು ಮೂರನೇ ಮಹಡಿ ಬಾಲ್ಕನಿ, ಆರು ಕುಂಡ, ಬಿಸಿಲು ನಾಲ್ಕು ಗಂಟೆ. ಇಷ್ಟರಲ್ಲಿ ಇದೆಲ್ಲ ಮಾಡೋಕಾಗುತ್ತಾ ಅಥವಾ ಜಾಗ ಇರೋರಿಗೆ ಮಾತ್ರನಾ?

ಸೂರಕ್ಕಿ

ಆಗುತ್ತೆ ಆಗುತ್ತೆ. ಒಂದು ಅಗಲ ಕುಂಡದಲ್ಲಿ ಗೋಳಿ ಸೊಪ್ಪು ಬಿಡಿ, ಕೀಳ್ಬೇಡಿ. ಅದರ ಮೇಲೆ ಮೊಟ್ಟೆ ಇಡೋದು ಡನೈಡ್ ಎಗ್‌ಫ್ಲೈ ಅನ್ನೋ ಚಿಟ್ಟೆ. ಅದರ ಗಂಡು ಕಡು ಕಪ್ಪು, ರೆಕ್ಕೆ ಮೇಲೆ ದೊಡ್ಡ ಬಿಳಿ ಮಚ್ಚೆ, ಮಚ್ಚೆ ಅಂಚಿಗೆ ನೀಲಿ ಹೊಳಪು. ಹೆಣ್ಣು ಮಾತ್ರ ಪೂರ್ತಿ ಬೇರೆ ವೇಷ, ಥೇಟ್ ಪ್ಲೇನ್ ಟೈಗರ್ ಥರ ಕಿತ್ತಳೆ ಬಣ್ಣ ಕಪ್ಪು ಅಂಚು. ಅದಕ್ಕೆ ಎಕ್ಕದ ವಿಷ ಇಲ್ಲ, ವಿಷ ಇರೋರ ಬಟ್ಟೆ ಹಾಕ್ಕೊಂಡು ಹಕ್ಕಿ ಕಣ್ಣು ತಪ್ಪಿಸುತ್ತೆ. ಮಣ್ಣಂಗಳ ಅಕ್ಕನ ತೋಟದಲ್ಲಿ ಎಕ್ಕನೂ ಇದೆ, ಗೋಳಿನೂ ಇದೆ. ಅಂದ್ರೆ ಅಸಲಿ ಒಂದು ಗಿಡದಲ್ಲಿ, ನಕಲು ಎರಡಡಿ ಆಚೆ ಇನ್ನೊಂದು ಗಿಡದಲ್ಲಿ ಬೆಳೀಬಹುದು. ಇದನ್ನ ನೆನೆಸ್ಕೊಂಡ್ರೆ ನನಗೆ ಈಗ್ಲೂ ಎದೆ ಝಲ್ ಅನ್ನುತ್ತೆ. ನಾವು ಕಳೆ ಅಂತ ಕಿತ್ತೆಸೆಯೋ ಗಿಡ ಈ ಗೋಳಿ.

ಇನ್ನೊಂದು ಕುಂಡಕ್ಕೆ ತುಂಬೆ, ಇನ್ನೊಂದಕ್ಕೆ ಗೋರಂಟಿ, ದೊಡ್ಡ ಕುಂಡ ಇದ್ರೆ ನಿಂಬೆ ಗಿಡ, ಅದಕ್ಕೆ ಕಾಮನ್ ಮಾರ್ಮನ್ ಚಿಟ್ಟೆ ಬಂದೇ ಬರುತ್ತೆ, ಮರಿಹುಳ ಚಿಕ್ಕದಿರುವಾಗ ಹಕ್ಕಿ ಹಿಕ್ಕೆ ಥರನೇ ಕಾಣುತ್ತೆ, ಒರೆಸಿ ಹಾಕ್ಬೇಡಿ.

ತೇವದಮಣ್ಣು

ಎಲ್ರೂ ಎಲೆ ಹೂ ಹುಳ ಮಾತಾಡ್ತಿದೀರಿ, ಮಣ್ಣಿನ ವಿಷಯ ಯಾರೂ ಎತ್ತಲಿಲ್ಲ. ಅಕ್ಕ ತುಂಬೆ ಬಿದ್ದೋಗಿದೆ ಅಂದ್ರಲ್ಲ, ಒಂದು ಕೇಳ್ತೀನಿ, ಲಾನ್ ತೆಗೆದಾಗ ಗೊಬ್ಬರ ಹಾಕಿದ್ರಾ?

ಮಣ್ಣಂಗಳ

ಹೌದು, ಎರಡು ಟ್ರಾಕ್ಟರ್ ಕೊಟ್ಟಿಗೆ ಗೊಬ್ಬರ, ಮೇಲೆ ಎರೆಹುಳ ಗೊಬ್ಬರ. ಗಿಡ ಚೆನ್ನಾಗಿ ಬರ್ಲಿ ಅಂತ. ದಿನಾ ನೀರೂ ಹಾಕ್ತೀನಿ.

ತೇವದಮಣ್ಣು

ಅದೇ ಕಾರಣ. ತುಂಬೆ ದಾರಿ ಬದಿ ಕಲ್ಲು ಮಣ್ಣಲ್ಲಿ ಗೇಣುದ್ದ ಬೆಳೆದು ಗಟ್ಟಿಯಾಗಿ ನಿಲ್ಲೋ ಗಿಡ, ನೀವು ಅದಕ್ಕೆ ತರಕಾರಿ ಪಾತಿಯ ಉಪಚಾರ ಮಾಡಿದೀರಿ, ಕಾಂಡ ಎಳೆಸಾಗಿ ಉದ್ದ ಬೆಳೆದು ತನ್ನ ಭಾರಕ್ಕೆ ತಾನೇ ಬಿತ್ತು. ಬಡ ಮಣ್ಣಿಗೆ ಒಗ್ಗಿದ ಗಿಡಕ್ಕೆ ಗೊಬ್ಬರ ಕೊಟ್ರೆ ಲಾಭ ಆಗೋದು ಹುಲ್ಲಿಗೆ, ಕಳೆಗೆ. ಹೇನು ಜಾಸ್ತಿ ಆಗಿದ್ದಕ್ಕೂ ಇದು ಒಂದು ಕಾರಣ ಇರ್ಬಹುದು, ಸಾರಜನಕ ಹೆಚ್ಚಾದ ಎಳೆ ಚಿಗುರು ಅಂದ್ರೆ ಹೇನಿಗೆ ಬಲು ಇಷ್ಟ. ಇನ್ಮೇಲೆ ಗೊಬ್ಬರ ನಿಲ್ಲಿಸಿ. ನೀರು ಹೊಸ ಸಸಿಗೆ ಮೊದಲ ಬೇಸಿಗೆ ದಾಟೋವರೆಗೆ ಸಾಕು, ಅದೂ ದಿನಾ ಚಿಮುಕಿಸೋದಲ್ಲ, ನಾಲ್ಕೈದು ದಿನಕ್ಕೊಂದ್ಸಲ ಆಳಕ್ಕೆ ಇಳಿಯೋ ಹಾಗೆ, ಆಗ ಬೇರು ನೀರು ಹುಡುಕ್ಕೊಂಡು ಕೆಳಗೆ ಹೋಗುತ್ತೆ. ಮೊದಲನೇ ವರ್ಷ ಮೇಲೆ ಏನೂ ಬೆಳೆದಂಗೆ ಕಾಣಲ್ಲ, ಆಗ ಎಲ್ರೂ ಕೈಚೆಲ್ಲಿ ಗೊಬ್ಬರ ಹಾಕ್ತಾರೆ, ಗಿಡ ಆಗ ನೆಲದೊಳಗೆ ಕೆಲಸ ಮಾಡ್ತಿರುತ್ತೆ.

ಇನ್ನೊಂದು, ತೋಟದಲ್ಲಿ ಎರಡು ಮೂರು ಅಡಿ ಜಾಗ ಬರೀ ಮಣ್ಣಾಗೇ ಬಿಡಿ, ಬಿಸಿಲು ಬೀಳೋ ಕಡೆ, ಏನೂ ಮುಚ್ಚದೆ. ಜೇನ್ನೊಣ ಅಂದ ತಕ್ಷಣ ನಮಗೆ ಗೂಡು ಕಟ್ಟಿ ಗುಂಪಲ್ಲಿರೋದು ನೆನಪಾಗುತ್ತೆ, ಪ್ರಪಂಚದಲ್ಲಿ 20,000ಕ್ಕೂ ಹೆಚ್ಚು ಜಾತಿ ಜೇನ್ನೊಣ ಇದಾವೆ, ಅದರಲ್ಲಿ ಸುಮಾರು 70 ಪರ್ಸೆಂಟ್ ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡೋವು. ಇಂಚು ಇಂಚಿಗೂ ಪ್ಲಾಸ್ಟಿಕ್ ಹಾಳೆ, ಜಲ್ಲಿ, ದಪ್ಪ ಹೊದಿಕೆ ಹಾಕಿದ್ರೆ ಅವಕ್ಕೆ ಬಾಗಿಲೇ ಇಲ್ಲ. ತರಗೆಲೆ ಗಿಡದ ಬುಡದಲ್ಲಿ ಬಿಡಿ, ಸುಡ್ಬೇಡಿ, ಎಷ್ಟೋ ಪತಂಗ ಅದರಡಿಯಲ್ಲೇ ಪ್ಯೂಪಾ ಆಗ್ತಾವೆ, ಅಂದ್ರೆ ಹುಳಕ್ಕೆ ರೆಕ್ಕೆ ಬರೋ ಮುಂಚಿನ ಕೋಶದ ಹಂತ. ಎಲ್ಲ ಗುಡಿಸಿ ಕವರ್‌ಗೆ ತುಂಬಿ ಹೊರಗಿಟ್ರೆ ಮುಂದಿನ ವರ್ಷದ ಚಿಟ್ಟೆ ಪತಂಗನ ನಾವೇ ಕಸದ ಗಾಡಿಗೆ ಕೊಟ್ಟಂಗೆ.

ಹಳೇಕುಡುಗೋಲು

ಈ ಮಣ್ಣಿನ ಮಾತು ನನಗೆ ಒಪ್ಪಿಗೆ. ಈಗ ನನ್ನ ಕೈಲಾಗಿದ್ದು ನಾನು ಹೇಳ್ತೀನಿ, ಯಾಕಂದ್ರೆ ಅತ್ತೆ ಮತ್ತೆ ಪಕ್ಕದ ಮನೆಯವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಉತ್ತರ ಕೊಡದೆ ಹೋದ್ರೆ ಒಂದಲ್ಲ ಒಂದಿನ ಯಾರೋ ಬಂದು ಎಲ್ಲ ಸವರಿ ಹಾಕ್ತಾರೆ, ತಂಗಿ ಮನೇಲಿಲ್ಲದಾಗ. ಹಾಗೆ ಆಗಿರೋದು ನಾನು ಕಣ್ಣಾರೆ ನೋಡಿದೀನಿ.

ಅಂಚು ಕಟ್ಟಮ್ಮ. ಕಲ್ಲೋ ಇಟ್ಟಿಗೆನೋ ಇಟ್ಟು ಒಂದು ಗೆರೆ ಕಾಣೋ ಹಾಗೆ. ಒಳಗೆ ಏನು ಬೇಕಾದ್ರೂ ಬೆಳೀಲಿ, ಅಂಚಿನ ಆಚೆ ಒಂದು ಕಡ್ಡಿ ಹುಲ್ಲು ಬರ್ಬಾರ್ದು. ನಡುವೆ ಎರಡು ಅಡಿ ಅಗಲದ ಕಾಲುದಾರಿ, ನೇರ ಬೇಡ, ಸ್ವಲ್ಪ ಬಾಗಿರ್ಲಿ, ದಾರಿ ಕೊನೇಲಿ ಕೂರೋಕೆ ಒಂದು ಕಲ್ಲು. ಗಿಡ ಒಂದೊಂದು ಚದುರಿಸಿ ನೆಟ್ರೆ ಕಳೆ ಥರ ಕಾಣುತ್ತೆ, ಅದೇ ಗಿಡ ಐದೋ ಏಳೋ ಒಟ್ಟಿಗೆ ಮಡಿ ಮಾಡಿದ್ರೆ ಬೇಕು ಅಂತಲೇ ನೆಟ್ಟಿದ್ದು ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಮುಂದೆ ಗಿಡ್ಡ, ನಡುವೆ ಸೊಂಟದುದ್ದ, ಬೇಲಿಗೆ ಎತ್ತರದ್ದು ಮತ್ತೆ ಬಳ್ಳಿ. ಹೂ ಮುಗಿದ ಮೇಲೆ ಎಲ್ಲ ಒಂದೇ ಸಲ ಸವರ್ಬೇಡ, ಅರ್ಧ ಸವರಿ ಅರ್ಧ ಬಿಡು, ಬೀಜ ಉದುರುತ್ತೆ, ಹಕ್ಕಿಗೂ ಸಿಗುತ್ತೆ.

ಹಾವಿನ ವಿಷಯ: ಹಾವು ಬರೋದು ಗಿಡಕ್ಕಲ್ಲ, ಇಲಿಗೆ, ಕಪ್ಪೆಗೆ, ಅವಿತುಕೊಳ್ಳೋ ಸಂದಿಗೆ. ಗೋಡೆಗೆ ಒತ್ತಿ ಏನೂ ಬೆಳೆಸ್ಬೇಡ, ಮೂರಡಿ ಬಯಲು ಬಿಡು. ಕಟ್ಟಿಗೆ ರಾಶಿ, ಹಳೇ ಹೆಂಚು, ಕಲ್ಲಿನ ಗುಡ್ಡೆ ಬಾಗಿಲ ಹತ್ರ ಇರ್ಬಾರ್ದು. ಉಳಿದ ಊಟ, ಕಾಳು ಹೊರಗೆ ಚೆಲ್ಬೇಡಿ. ಕತ್ತಲಾದ್ಮೇಲೆ ಟಾರ್ಚ್ ಇಲ್ದೆ ಹೋಗ್ಬೇಡಿ. ಇಷ್ಟು ಮಾಡಿದೀವಿ ಅಂತ ಪಕ್ಕದ ಮನೆಯವ್ರನ್ನ ಕರ್ಕೊಂಡ್ಬಂದು ತೋರ್ಸು.

ಬಳ್ಳಿಮನೆ

ಸರ್ ಹೇಳಿದ್ದನ್ನೇ 1995ರಲ್ಲಿ ಜೋನ್ ನಸ್ಸಾವರ್ ಅನ್ನೋ ಅಮೆರಿಕದ ಭೂದೃಶ್ಯ ವಿನ್ಯಾಸದ ವಿದ್ವಾಂಸೆ ವಿವರವಾಗಿ ಬರೆದಿದಾರೆ. ಕಾಡಿನಂಥ ನೆಡುತೋಪು ನೋಡಿದ ಜನ ಬೇಡ ಅನ್ನೋದು ಗಿಡ ನೋಡಿ ಅಲ್ಲ, ಇದನ್ನ ಯಾರೂ ನೋಡಿಕೊಳ್ತಿಲ್ಲ ಅನ್ನಿಸಿದಾಗ. ಕತ್ತರಿಸಿದ ಅಂಚು, ಬೇಲಿ, ದಾರಿ, ಇವು ಇಲ್ಲಿ ಒಬ್ಬರು ಇದಾರೆ, ಕೈ ಆಡ್ತಿದೆ ಅಂತ ಹೇಳ್ತಾವೆ. ನೀವು 30 ವರ್ಷದಲ್ಲಿ ಕೈಯಿಂದ ಕಲಿತಿದ್ದು ಅದೇ.

ಹೊಸಚಿಗುರು

ಮಧ್ಯೆ ಬರ್ತಿದೀನಿ, ಮಿಯಾವಾಕಿ ಕಾಡು ಮಾಡಿದ್ರೆ ಇದೆಲ್ಲ ತಲೆನೋವೇ ಇಲ್ವಲ್ಲ? ಒತ್ತೊತ್ತಾಗಿ ನೆಟ್ಟು ಬಿಟ್ರೆ ಆಯ್ತು, ಎರಡು ಮೂರು ವರ್ಷದಲ್ಲಿ ಕಾಡು.

ಬೀಜದಬುಟ್ಟಿ

ಲೆಕ್ಕ ಮಾಡಿ ನೋಡಿ. ಆ ವಿಧಾನದಲ್ಲಿ ಚದರ ಮೀಟರಿಗೆ ಮೂರು ನಾಲ್ಕು ಸಸಿ ನೆಡ್ತಾರೆ. ಅಕ್ಕನ ಜಾಗ 600 ಚದರಡಿ, ಅಂದ್ರೆ ಸುಮಾರು 55 ಚದರ ಮೀಟರ್, 170ರಿಂದ 220 ಸಸಿ. ಅದರಲ್ಲಿ ಅರ್ಧ ಮರ ಆದ್ರೂ ನಾಲ್ಕು ವರ್ಷಕ್ಕೆ ನೆಲಕ್ಕೆ ಬಿಸಿಲಿಲ್ಲ, ತುಂಬೆ ಇಲ್ಲ, ಗೋಳಿ ಇಲ್ಲ, ಎಕ್ಕನೂ ಇಲ್ಲ, ಇವೆಲ್ಲ ಬಿಸಿಲ ಗಿಡ. ಈ ವಿಧಾನ ಶುರು ಮಾಡಿದ ಜಪಾನಿನ ಸಸ್ಯ ವಿಜ್ಞಾನಿ ಅಕಿರ ಮಿಯಾವಾಕಿ ಅವರು ಆ ಜಾಗದಲ್ಲಿ ಮನುಷ್ಯ ಕೈ ಹಾಕದಿದ್ರೆ ಯಾವ ಕಾಡು ಇರ್ತಿತ್ತೋ ಅದೇ ಜಾತಿಗಳನ್ನ ಹುಡುಕಿ ನೆಡಿ ಅಂದಿದ್ದು. ಜನ ಆ ಭಾಗ ಬಿಟ್ಟು ಒತ್ತೊತ್ತಾಗಿ ನೆಡೋದು ಮಾತ್ರ ಹಿಡ್ಕೊಂಡ್ರು. ಹುಲ್ಲುಗಾವಲಾಗಿದ್ದ ಜಾಗಕ್ಕೆ ಮರ ತುಂಬಿದ್ರೆ ಅದು ಆ ಜಾಗದ್ದಲ್ಲ.

ಸ್ಥಳೀಯ ಅನ್ನೋ ಮಾತನ್ನ ನಾವು ದೇಶದ ಗಡಿ ಇಟ್ಕೊಂಡು ಹೇಳ್ತೀವಿ, ಗಿಡಕ್ಕೆ ಗಡಿ ಗೊತ್ತಿಲ್ಲ. ದಟ್ಟ ಮಳೆಕಾಡಿನ ನೆರಳಲ್ಲಿ ಬೆಳೆಯೋ ಗಿಡನ ಒಣ ಬಯಲಿಗೆ ತಂದು ನೆಟ್ರೆ ಅದೂ ಅಲ್ಲಿಗೆ ಪರದೇಶಿನೇ. ಇನ್ನೊಂದು ಕಡೆ ಎಲ್ಲ ರಸ್ತೆಲೂ ಇರೋ ಗುಲ್‌ಮೊಹರ್ ನಮ್ಮದೇ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ಅದು ಮಡಗಾಸ್ಕರ್‌ದು. ನಿಮ್ಮ ಮನೆ ಸುತ್ತ ಒಂದೆರಡು ಕಿಲೋಮೀಟರ್ ಒಳಗೆ ಯಾರೂ ನೀರು ಹಾಕದ ಜಾಗ ಹುಡುಕಿ, ಕೆರೆ ಏರಿ, ಬಂಡೆ ಮಗ್ಗುಲು, ಹೊಲದ ಬದು, ಅಲ್ಲಿ ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಹೋಗಿ ಏನೇನಿದೆ ಅಂತ ಬರ್ಕೊಳ್ಳಿ. ನನಗೆ ಅದಕ್ಕಿಂತ ಒಳ್ಳೇ ಗೈಡ್ ಸಿಕ್ಕಿಲ್ಲ.

ಬೀಜ ಅಲ್ಲಿಂದಲೇ ತನ್ನಿ, ಒಂದೇ ಗಿಡದಿಂದಲ್ಲ, ಹತ್ತಿಪ್ಪತ್ತು ಗಿಡದಿಂದ ಒಂದೊಂದು ಚಿಟಿಕೆ, ಇರೋದರಲ್ಲಿ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಕಾಪಾಡಿಟ್ಟ ಕಾಡಿಂದ ಏನೂ ತರ್ಬಾರ್ದು, ಗಿಡ ಬೇರು ಸಮೇತ ಕೀಳ್ಬಾರ್ದು. ತುಂಬೆ ಬೀಜ ಸಣ್ಣದು, ಮಣ್ಣ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದ್ರೆ ಸಾಕು, ಹೂಳ್ಬೇಡಿ. ಕಕ್ಕೆ ಬೀಜದ ಸಿಪ್ಪೆ ಗಟ್ಟಿ, ಸ್ಯಾಂಡ್‌ಪೇಪರಲ್ಲಿ ಒಂದು ಬದಿ ಉಜ್ಜಿ ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಉಬ್ಬಿದ್ದು ಮಾತ್ರ ಬಿತ್ತಿ. ನರ್ಸರಿಯಿಂದ ತರೋದಾದ್ರೆ ಒಂದೇ ಪ್ರಶ್ನೆ ಕೇಳಿ, ಏನು ಔಷಧಿ ಹೊಡೆದಿದೀರಿ ಅಂತ. ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕಗಳು ಗಿಡದ ರಸದಲ್ಲಿ ಸೇರಿ ಮಕರಂದ ಪರಾಗಕ್ಕೂ ಬರ್ತಾವೆ, ಯೂರೋಪಿನ ಒಕ್ಕೂಟ 2018ರಲ್ಲಿ ಆ ಗುಂಪಿನ ಮೂರನ್ನ ಬಯಲಲ್ಲಿ ಬಳಸೋದು ನಿಲ್ಲಿಸಿತು. ಚಿಟ್ಟೆಗೆ ಅಂತ ತಂದ ಗಿಡ ಚಿಟ್ಟೆನೇ ಕೊಂದ್ರೆ ಏನು ಬಂತು.

ಕುಂಡದತೋಟ

ದಾಸವಾಳ ಇದೆ ನಮ್ಮಲ್ಲಿ, ಎಸಳು ತುಂಬಿರೋ ಡಬಲ್ ಹೂ, ಅದಕ್ಕೆ ಯಾವ ಹುಳನೂ ಬರಲ್ಲ, ಯಾಕೆ?

ತೇವದಮಣ್ಣು

ಅದರಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರ್ತಾವೆ. ಪರಾಗ ಕಮ್ಮಿ ಅಥವಾ ಇಲ್ಲವೇ ಇಲ್ಲ, ಮಕರಂದ ಇದ್ರೂ ದಾರಿ ಮುಚ್ಚಿರುತ್ತೆ. ಯಾವ ಗಿಡ ಆದ್ರೂ ಒಂದೇ ಸುತ್ತು ಎಸಳಿನ ಹೂ ಇರೋದನ್ನೇ ತಗೊಳ್ಳಿ.

ಮಣ್ಣಂಗಳ (ನಾಲ್ಕು ವಾರ ಆದ್ಮೇಲೆ)

ಎಲ್ರಿಗೂ ವರದಿ ಒಪ್ಪಿಸೋಕೆ ಬಂದೆ. ಏನೂ ಹೊಡೀಲಿಲ್ಲ. ಮೊದಲ ವಾರ ಹೇನು ಇನ್ನೂ ಜಾಸ್ತಿ ಆಯ್ತು, ಎರಡು ಸಲ ಕೈ ಬಾಟಲಿ ಹತ್ರ ಹೋಗಿ ವಾಪಸ್ ಬಂತು. ಎರಡನೇ ವಾರ ಅದರ ನಡುವೆ ಮೊಸಳೆ ಮರಿ ಥರ ಕಪ್ಪಗೆ ಉದ್ದ ಇರೋ ಏನೋ ಓಡಾಡೋಕೆ ಶುರು ಮಾಡ್ತು, ಅದನ್ನೂ ಪೀಡೆ ಅಂದ್ಕೊಂಡಿದ್ದೆ, ಸೂರಕ್ಕಿ ಅವರಿಗೆ ಫೋಟೋ ಕಳಿಸಿದ್ಮೇಲೆ ಗೊತ್ತಾಯ್ತು ಗುಲಗಂಜಿ ಹುಳದ ಮರಿ ಅಂತ. ಈಗ ಹೇನು ಹುಡುಕ್ಬೇಕು. ಎಕ್ಕ ಬುಡದಿಂದ ಚಿಗುರಿ ಮೊಳದುದ್ದ ಬಂದಿದೆ. ಗೋರಂಟಿ ರೆಂಬೆ ಕೆಳಗೆ ಹಸಿರು ಪ್ಯೂಪಾ ಒಂದು ನೇತಾಡ್ತಿತ್ತು, ಅದರ ಮೇಲೆ ಚಿನ್ನದ ಚುಕ್ಕೆ, ಯಾರೋ ಒಡವೆ ಮಾಡೋರು ಕೂತು ಇಟ್ಟಂಗೆ. ಅತ್ತೆನ ಕರೆದು ತೋರಿಸಿದೆ. ಆಮೇಲೆ ಅವರೇ ದಿನಾ ಬೆಳಗ್ಗೆ ಕನ್ನಡಕ ಹಾಕ್ಕೊಂಡು ಹೋಗಿ ನೋಡ್ತಿದ್ರು, ಒಂಬತ್ತನೇ ದಿನ ರೆಕ್ಕೆ ಒಣಗಿಸ್ಕೊಳ್ತಾ ಕೂತಿದ್ದನ್ನ ಮೊದ್ಲು ಕಂಡಿದ್ದೂ ಅವರೇ.

ಅಂಚು ಕಟ್ಟಿದೆ ಅಣ್ಣ, ಹಳೇ ಇಟ್ಟಿಗೆಯಲ್ಲಿ. ದಾರಿ ಮಾಡ್ದೆ. ಬಿದ್ದ ತುಂಬೆ ಅರ್ಧ ಸವರಿದೆ. ಪಕ್ಕದ ಮನೆಯವ್ರು ಬಂದು ನಿಂತು ನೋಡಿ "ಈಗ ಪರವಾಗಿಲ್ಲ" ಅಂದ್ರು, ಪೂರ್ತಿ ಸಮಾಧಾನ ಆಗಿಲ್ಲ ಅವರಿಗೆ. ಲಂಟಾನ ಹೇಳಿದಂಗೆ ಗಂಟಿನ ಕೆಳಗೆ ಕಡಿದೆ, ಇನ್ನೂ ಚಿಗುರಿಲ್ಲ, ನೋಡ್ಬೇಕು.

ಒಂದು ಪ್ರಶ್ನೆ ಉಳಿದಿದೆ. ಈಶ್ವರಿ ಬಳ್ಳಿ ಹೂ ಬಂತು, ಚಿಕ್ಕದು, ಬಾಯಿ ನೇರಳೆ, ಅಸಲಿನೇ. ಆದ್ರೆ ಮೊಣಕಾಲುದ್ದ ಇರುವಾಗಲೇ ಒಂದರ ಮೇಲೆ ಕಪ್ಪು ಮೆರೂನ್ ಬಣ್ಣದ ಹುಳ, ಮೈಮೇಲೆ ಕೆಂಪು ಗುಬುಟು, ನಡುವೆ ಬಿಳಿ ಪಟ್ಟಿ. ಅವಕ್ಕೆ ಈ ಬಳ್ಳಿ ಎರಡು ದಿನಕ್ಕೂ ಸಾಲಲ್ಲ. ಎಲೆ ಖಾಲಿ ಆದ್ರೆ ಹುಳ ಹಸಿವಲ್ಲಿ ಸಾಯುತ್ತೆ, ಬಳ್ಳಿನೂ ಸೊರಗುತ್ತೆ, ಏನ್ಮಾಡೋದು?

ಬಳ್ಳಿಮನೆ

ಅಕ್ಕ, ಮೂರು ಬಳ್ಳಿ ಇದೆ ಅಂದಿದ್ರಿ. ಮಿಕ್ಕ ಎರಡರ ಎಲೆ ಹಿಂದೆ ಮುಂದೆ ತಿರುಗಿಸಿ ನೋಡಿ, ಕಿತ್ತಳೆ ಬಣ್ಣದ ಸಣ್ಣ ಗುಂಡು ಮೊಟ್ಟೆ ಇದ್ರೆ ಆ ಎಲೆ ಚಿವುಟಿ ಹುಳ ಇರೋ ಬಳ್ಳಿಗೆ ಸಿಕ್ಕಿಸಿ. ಆಮೇಲೆ ಆ ಎರಡಕ್ಕೆ ಸೊಳ್ಳೆಪರದೆ ಸುತ್ತಿ, ಎದೆಯೆತ್ತರ ಆಗೋವರೆಗೆ ಚಿಟ್ಟೆ ಮುಟ್ಟದಂಗೆ. ಹುಳ ಇರೋ ಬಳ್ಳಿ ಎಲೆ ಮುಗಿದ ದಿನ ಒಂದರ ಪರದೆ ತೆಗೆದು ಹುಳಗಳನ್ನ ಎಲೆ ಸಮೇತ ಅದಕ್ಕೆ ದಾಟಿಸಿ, ಕೈಯಲ್ಲಿ ಹಿಡೀಬೇಡಿ. ಬೋಳಾದ ಬಳ್ಳಿ ಬೇರಿಂದ ಮತ್ತೆ ಬರುತ್ತೆ. ಈ ಸಲ ಕಾಯಿ ಬಿರಿದಾಗ ಬೀಜ ಹಿಡಿದಿಟ್ಟು ಬೇಲಿ ಉದ್ದಕ್ಕೂ ಇನ್ನೊಂದು ಹತ್ತು ಬಳ್ಳಿ ಎಬ್ಬಿಸಿ, ಈ ಕಷ್ಟ ಇರೋದು ಬಳ್ಳಿ ಚಿಕ್ಕದಿರೋ ಒಂದೆರಡು ವರ್ಷ ಮಾತ್ರ.

ಮಣ್ಣಂಗಳ

ಹಳೇ ಸೊಳ್ಳೆಪರದೆ ಒಂದಿದೆ, ನಾಳೆ ಬೆಳಗ್ಗೆ ಎರಡಕ್ಕೂ ಕಟ್ತೀನಿ. ಈಗಷ್ಟೇ ಟಾರ್ಚ್ ಹಿಡ್ಕೊಂಡು ಹೋಗಿ ಎಣಿಸಿ ಬಂದೆ, ಮೂರನೇದರಲ್ಲಿ ಏಳು ಹುಳ ಇದಾವೆ, ಎಲೆ ಹನ್ನೊಂದು ಉಳಿದಿದೆ.